ಮೊದಲ ನೀರು

ಜೂನ್ ೧, ಭಾನುವಾರ

ದಿನವೂ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ರೋಗಿ ಎಷ್ಟು ತಿಂದರು, ಎಷ್ಟು ಹೊತ್ತು ಮಲಗಿದರು, ಯಾವಾಗ ಗಲಾಟೆ ಮಾಡಿದರು. ಅವರಿಗೆ ತೋರಿಸಲು ಬೇರೆ ಹಾಳೆ ಇಟ್ಟಿದ್ದೇನೆ. ಈ ಪುಸ್ತಕ ನನಗೆ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಅಂಗಡಿ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತಿದವನು ನಾನು. ಬರೆದಿಡುವುದು ಹೊಸದಲ್ಲ.

ರೋಗಿ ನನ್ನ ಹೆಂಡತಿ. ಸ್ಟ್ರೋಕ್ ಆಗಿ ಇಪ್ಪತ್ತಾರು ದಿನ, ಆಸ್ಪತ್ರೆಯಿಂದ ಮನೆಗೆ ಬಂದು ಮೂರು ದಿನ. ಬಲಭಾಗ ಸ್ವಾಧೀನದಲ್ಲಿಲ್ಲ. ಮಾತಿಲ್ಲ. ನಾವು ಹೇಳುವುದು ಅವಳಿಗೆ ತಿಳಿಯುತ್ತದೋ ಇಲ್ಲವೋ ಯಾರೂ ಖಚಿತವಾಗಿ ಹೇಳುತ್ತಿಲ್ಲ. ಮಂಚವನ್ನು ಮುಂದಿನ ಕೋಣೆಗೆ ತಂದು ಬಚ್ಚಲಿನ ಗೋಡೆಗೆ ಒತ್ತಿ ಹಾಕಿದ್ದೇನೆ. ಒರೆಸಲು, ತೊಳೆಯಲು ಹತ್ತಿರ.

ತಿಂದದ್ದು: ಬೆಳಿಗ್ಗೆ ೧೪೦ ಗ್ರಾಂ, ಮಧ್ಯಾಹ್ನ ೧೧೫, ಸಂಜೆ ೯೦.

ಸಂಜೆ ಗಂಟೆಯಣ್ಣ ಬಂದಿದ್ದ. ಚರ್ಚಿನ ಗಂಟೆ ಬಾರಿಸುವುದು, ಪೂಜೆಗೆ ಬಲಿಪೀಠ ಅಣಿ ಮಾಡುವುದು ಅವನ ಕೆಲಸ. ಮೂವತ್ತೊಂದು ವರ್ಷದಿಂದ ಪ್ರತಿ ಭಾನುವಾರ ಅವನು ಒಂದು ಬಿಳಿ ಚೀಲ ತರುತ್ತಾನೆ. ಅದರಲ್ಲಿ ದ್ರಾಕ್ಷಾರಸದ ಪಾತ್ರೆ ಒರೆಸುವ ಸಣ್ಣ ಬಟ್ಟೆಗಳು, ಪಾತ್ರೆಯ ಕೆಳಗೆ ಹಾಸುವ ಚೌಕಗಳು. ಅವಳು ಸೋಮವಾರ ಒಗೆದು, ಇಸ್ತ್ರಿ ಮಾಡಿ ಬುಧವಾರ ಹಿಂದಿರುಗಿಸುತ್ತಿದ್ದಳು. ನಾನು ಹಾಸಿಗೆ ಬಿಟ್ಟು ಏಳುವಷ್ಟರಲ್ಲಿ ಅವು ಹಗ್ಗದ ಮೇಲಿರುತ್ತಿದ್ದವು.

"ಇನ್ನು ಬೇರೆ ಯಾರಿಗಾದ್ರೂ ಕೊಡ್ತೀನಮ್ಮ. ನೀವು ಆರಾಮಾಗಿರಿ," ಎಂದು ಅವನು ಮಂಚದ ಮೇಲೆ ಬಗ್ಗಿದ. ಅವಳ ಎಡಗೈ ಬಂದು ಚೀಲದ ಬಾಯಿ ಹಿಡಿದುಕೊಂಡಿತು. ಬಿಡಿಸಲು ನೋಡಿದೆವು. ಬಿಡಲಿಲ್ಲ.

"ನಾನೇ ಒಗೀತೀನಿ ಬಿಡು," ಎಂದೆ.

"ನೀವಾ? ತಕ್ಕಡಿ ಒರೆಸಿದ ಹಾಗಲ್ಲ ಸಾಹೇಬ್ರೇ ಇದು."

"ಕ್ರಮ ಹೇಳು. ಬರ್ಕೋತೀನಿ."

ಹೇಳಿದ. ಮನೆಯ ಬಟ್ಟೆ ಜೊತೆ ನೆನೆಹಾಕಬಾರದು. ಬ್ಲೀಚ್ ಹಾಕಬಾರದು. ಮೊದಲು ಬರೀ ನೀರಲ್ಲಿ ನೆನೆಸಿ, ಆಮೇಲೆ ಸೋಪು. ಒದ್ದೆಯಿರುವಾಗಲೇ ಇಸ್ತ್ರಿ. ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಮೂರು. "ಅಷ್ಟೇ. ಇದರಲ್ಲೇನು ಬ್ರಹ್ಮವಿದ್ಯೆ ಇದೆ?" ಎಂದ. ಐದು ಸಾಲು. ಕಾಗದವನ್ನು ಬಚ್ಚಲಿನ ಬಾಗಿಲಿಗೆ ಅಂಟಿಸಿದ್ದೇನೆ.


ಜೂನ್ ೨, ಸೋಮವಾರ

ಬೆಳಿಗ್ಗೆ ೬.೧೦ಕ್ಕೆ ಬಟ್ಟೆ ನೆನೆಸಿದೆ. ೬.೪೦ಕ್ಕೆ ನೀರು ಚೆಲ್ಲಿ ಸೋಪು ಹಾಕಿದೆ. ಅಷ್ಟರಲ್ಲಿ ರೋಗಿ ಕೂಗತೊಡಗಿದರು. ಮಾತಲ್ಲ, ಒಂದೇ ಸ್ವರ. ಎಡಗೈಯಿಂದ ಮಂಚದ ಕಂಬಿಗೆ ಬಡಿತ. ಒಂಬತ್ತು ನಿಮಿಷ. ಓಡಿಬಂದು ಡೈಪರ್ ನೋಡಿದೆ, ಒಣಗಿತ್ತು. ನೀರು ಕೊಟ್ಟೆ, ಉಗುಳಿದರು. ನೋವೆಲ್ಲಿ ಎಂದು ಕೇಳಿದೆ. ಏನಂತ ಉತ್ತರ ಬರಬೇಕು?

ಬಟ್ಟೆ ಚೆನ್ನಾಗಿ ಬಂದಿವೆ. ಮಡಿಕೆ ಅಂಚಿಗೆ ಅಂಚು ಸರಿಯಾಗಿದೆ.


ಜೂನ್ ೯, ಸೋಮವಾರ

ಮತ್ತೆ ಕೂಗು. ಹನ್ನೆರಡು ನಿಮಿಷ. ನಾನು ಹತ್ತಿರ ಹೋದಾಗ ನನ್ನ ಮುಖ ನೋಡಿ ಇನ್ನೂ ಜೋರಾಯಿತು. ಅಂಗಿಯ ತೋಳು ಹಿಡಿದು ಎಳೆದಳು, ಗುಂಡಿ ಕಿತ್ತು ಬಂತು.

ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ನನ್ನ ಮೇಲೆ ಕೂಗಿದ್ದಿಲ್ಲ. ತಮಾಷೆ ಮಾಡುತ್ತಿದ್ದಳು ಅಷ್ಟೆ. "ನನ್ನನ್ನೂ ತೂಗಿ, ಮುದ್ರೆ ಒತ್ತಿ ತಾನೇ ಮದುವೆ ಆಗಿದ್ದು ನೀವು?" ಎನ್ನುತ್ತಿದ್ದಳು.


ಜೂನ್ ೧೩, ಶುಕ್ರವಾರ

ಕಾನ್ವೆಂಟಿನ ದೊಡ್ಡ ಸಿಸ್ಟರ್ ಪ್ರತಿ ಶುಕ್ರವಾರದಂತೆ ಪರಮಪ್ರಸಾದ ತಂದರು. ಆ ರೊಟ್ಟಿಯ ಉಗುರಿನಷ್ಟು ಚೂರನ್ನು ಚಮಚದ ನೀರಿನಲ್ಲಿ ಹಾಕಿ ಅವಳ ನಾಲಿಗೆಯ ಮೇಲಿಟ್ಟರು. ನುಂಗಿದಳು. ಸಿಸ್ಟರ್ ಪ್ರಾರ್ಥನೆ ಹೇಳುವಾಗ ನಾನು ಕೈ ಜೋಡಿಸಿ ನಿಂತಿದ್ದೆ. ತುಟಿ ಅಲ್ಲಾಡಿಸಲಿಲ್ಲ. ಸಿಸ್ಟರ್ ಗಮನಿಸಿದರು.

ಅವಳಿಗೆ ಹೀಗಾಗಲಿ ಎಂದು ಬಿಟ್ಟವನ ಹತ್ತಿರ ಏನು ಕೇಳುವುದು?


ಜೂನ್ ೨೪, ಮಂಗಳವಾರ

ಮಗಳು ಬಂದಿದ್ದಳು. ಹಿತ್ತಿಲ ಬಾಗಿಲಿನಲ್ಲಿರುವ ದೊಡ್ಡ ಕುಂಡದ ಗುಲಾಬಿ ಗಿಡ ಒಣಗಿರುವುದನ್ನು ನೋಡಿ, "ಇದನ್ನ ಎಸೆಯಪ್ಪ, ಓಡಾಡೋಕೆ ಅಡ್ಡ," ಎಂದಳು. ಎತ್ತಲು ಹೋದೆ, ಬಲು ಭಾರ. ಬಿಟ್ಟೆ. ನನಗೆ ಆ ಗಿಡದ ನೆನಪೇ ಇರಲಿಲ್ಲ. ಅದಕ್ಕೆ ನೀರು ಹಾಕುವುದೂ ಒಂದು ಕೆಲಸವೆಂದು ಯಾರು ಬರೆದುಕೊಟ್ಟಿದ್ದರು?

ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಮಗಳು ಹೇಳಿದಳು: "ಅಪ್ಪ, ಅಮ್ಮನಿಗೆ ಏನೂ ಗೊತ್ತಾಗ್ತಿಲ್ಲ. ನಾನು ಯಾರು ಅಂತಾನೂ ಗೊತ್ತಿಲ್ಲ."

"ಚೀಲ ಹಿಡ್ಕೊಂಡಳಲ್ಲ."

"ಡಾಕ್ಟರ್ ಹತ್ರ ಕೇಳ್ದೆ. ಹುಟ್ಟಿದ ಮಗೂನೂ ಬೆರಳು ಕೊಟ್ರೆ ಹಿಡ್ಕೊಳ್ಳತ್ತೆ ಅಂದ್ರು."

ಗುಡ್ಡದ ಹಿಂದಿನ ಆರೈಕೆ ಮನೆಯಲ್ಲಿ ಹಾಸಿಗೆಗಾಗಿ ಹೆಸರು ಬರೆಸಿದ್ದಾಳಂತೆ. ನನ್ನ ಬೆನ್ನು, ನನ್ನ ವಯಸ್ಸು, ನನ್ನ ಊಟ. ಎಲ್ಲವೂ ಸರಿಯಾದ ಮಾತು. "ಅಮ್ಮನಿಗೆ ಗೊತ್ತಾಗೋ ಹಾಗಿದ್ರೆ ನಾನು ಬಾಯೇ ತೆಗೀತಿರಲಿಲ್ಲಪ್ಪ," ಎಂದು ಅತ್ತಳು.

ಯೋಚನೆ ಮಾಡುತ್ತೇನೆ ಎಂದೆ.


ಜೂನ್ ೩೦, ಸೋಮವಾರ

ಕೂಗು, ಹದಿನಾಲ್ಕು ನಿಮಿಷ. ನಾನು ಬಚ್ಚಲಿನಲ್ಲೇ ಕೂತಿದ್ದೆ. ಹೊರಗೆ ಬರಲಿಲ್ಲ.


ಜುಲೈ ೬, ಭಾನುವಾರ

ಮಗಳು ಮನೆಯಲ್ಲಿದ್ದಳೆಂದು ಪೂಜೆಗೆ ಹೋದೆ. ಹೊಸ ಫಾದರ್, ಮೀಸೆ ಇನ್ನೂ ಸರಿಯಾಗಿ ದಪ್ಪವಾಗದವರು, ದೇವರ ಪ್ರೀತಿಯ ಮೇಲೆ ಭರವಸೆ ಇಡಿ ಎಂದು ಪ್ರಸಂಗ ಮಾಡಿದರು. ತಾಯಿಯ ತೋಳಲ್ಲಿ ಮಲಗಿದ ಮಗುವಿಗೆ ತಾಯಿಯ ಮುಖ ಕಾಣದಿದ್ದರೂ ಹೆದರಿಕೆಯಿಲ್ಲ ಎಂದರು. ಆಮೇಲೆ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡು, "ದೇವರು ನಿಮ್ಮಿಬ್ಬರನ್ನೂ ಕೈಬಿಟ್ಟಿಲ್ಲ ಅಂಕಲ್," ಎಂದರು.

ಪರೀಕ್ಷೆ ಮಾಡದೆ ನಾನು ಒಂದೇ ಒಂದು ತೂಕದ ಬಟ್ಟಿನ ಮೇಲೂ ಮುದ್ರೆ ಒತ್ತಿದವನಲ್ಲ. ತಕ್ಕಡಿಯ ಮುಳ್ಳು ನಡುವೆ ನಿಲ್ಲಬೇಕು. ನಿಲ್ಲದಿದ್ದರೆ ಎಷ್ಟು ದೊಡ್ಡ ಅಂಗಡಿಯಾದರೂ ಮುದ್ರೆಯಿಲ್ಲ. ಎರಡು ತಿಂಗಳಿಂದ ನೋಡುತ್ತಿದ್ದೇನೆ. ಮುಳ್ಳು ನಡುವಿಗೆ ಬಂದಿಲ್ಲ. ಆ ಕಡೆಯ ತಟ್ಟೆಯಲ್ಲಿ ಏನೂ ಇಲ್ಲ.


ಜುಲೈ ೯, ಬುಧವಾರ

ಡಾಕ್ಟರು ಬಂದರು. ಹಾಳೆ ತೋರಿಸಿದೆ. ಮೆಚ್ಚಿದರು, ಇಷ್ಟು ನೀಟಾಗಿ ನಮ್ಮ ನರ್ಸುಗಳೂ ಬರೆಯುವುದಿಲ್ಲ ಎಂದರು.

"ಗಲಾಟೆ ಎಲ್ಲ ಸೋಮವಾರಾನೇ ಇದೆಯಲ್ಲ?"

"ಹೌದು. ಭಾನುವಾರ ಪೂಜೆಗೆ ಹೋಗೋಕಾಗಲಿಲ್ಲ ಅನ್ನೋ ಸಂಕಟ ಇರಬೇಕು."

"ಸೋಮವಾರ ಅಂದ್ರೆ ಯಾರಿಗೆ ಇಷ್ಟ ಹೇಳಿ," ಎಂದು ನಕ್ಕರು. "ಮಿದುಳಿಗೆ ಪೆಟ್ಟಾದವರಲ್ಲಿ ಇದೆಲ್ಲ ಇರತ್ತೆ. ಕಾರಣ ಹುಡುಕೋಕೆ ಹೋಗ್ಬೇಡಿ. ಸೋಮವಾರ ಬೆಳಿಗ್ಗೆ ಅರ್ಧ ನಿದ್ದೆ ಮಾತ್ರೆ ಕೊಡಿ. ಅವರಿಗೂ ನೆಮ್ಮದಿ, ನಿಮಗೂ ನೆಮ್ಮದಿ."


ಜುಲೈ ೧೪, ಸೋಮವಾರ

೫.೪೫ಕ್ಕೆ ಅರ್ಧ ಮಾತ್ರೆ ಪುಡಿ ಮಾಡಿ ಹಾಲಿನಲ್ಲಿ ಕೊಟ್ಟೆ. ಬಟ್ಟೆ ಒಗೆದೆ. ಕೂಗಿಲ್ಲ. ತುಟಿ ಸ್ವಲ್ಪ ತೆರೆದು ಮಲಗಿದ್ದಳು.

ದೇವರಿಗೆ ವಂದನೆ ಎಂದೆ. ಎಷ್ಟೋ ದಿನದ ಮೇಲೆ.


ಜುಲೈ ೨೮, ಸೋಮವಾರ

ಅರ್ಧ ಮಾತ್ರೆ ಸಾಲಲಿಲ್ಲ. ನೀರು ಚೆಲ್ಲುವ ಹೊತ್ತಿಗೆ ಕಣ್ಣು ಬಿಟ್ಟು ನರಳಿದಳು. ಕೈ ಮೇಲೆತ್ತಿದಳು, ಕಂಬಿಯವರೆಗೆ ಹೋಗಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಇನ್ನು ಮೇಲೆ ಒಂದು ಪೂರ್ತಿ ಕೊಡಿ ಎಂದರು.


ಆಗಸ್ಟ್ ೫, ಮಂಗಳವಾರ

ಆರೈಕೆ ಮನೆಯ ಅರ್ಜಿಗೆ ಸಹಿ ಹಾಕಿದೆ. ಸೆಪ್ಟೆಂಬರ್ ಒಂದರಿಂದ ಹಾಸಿಗೆ ಖಾಲಿಯಿದೆ. ಕಿಟಕಿಯ ಪಕ್ಕದ್ದು. ಸಂಬಂಧಿಕರು ಬುಧವಾರ ಮತ್ತು ಭಾನುವಾರ ನೋಡಬಹುದು. 'ರೋಗಿಗೆ ತನ್ನ ಸುತ್ತಲಿನ ಅರಿವಿದೆಯೇ?' ಎಂಬಲ್ಲಿ 'ಇಲ್ಲ' ಎಂದು ಬರೆದೆ. ನನ್ನ ಅಕ್ಷರ ಎಂದಿನಂತೆ ನೆಟ್ಟಗಿತ್ತು.

ಬೆಳಿಗ್ಗೆ ೯೫, ಮಧ್ಯಾಹ್ನ ೮೦, ಸಂಜೆ ೪೦.


ಆಗಸ್ಟ್ ೧೧, ಸೋಮವಾರ

ಶುಕ್ರವಾರ ಬರಲಾಗದ ದೊಡ್ಡ ಸಿಸ್ಟರ್ ಇಂದು ಬೆಳಿಗ್ಗೆ ಬಂದರು. ಅವಳು ಮಾತ್ರೆಯ ಮಂಪರಿನಲ್ಲಿದ್ದಳು. ಕೂತಿರಿ, ಕೈ ತೊಳೆದು ಬರುತ್ತೇನೆ ಎಂದು ಬಚ್ಚಲಿಗೆ ಹೋಗಿ, ನೆನೆಸಿದ್ದ ಬಟ್ಟೆ ಎತ್ತಿ, ಬಕೆಟ್ಟಿನ ನೀರು ಚೆಲ್ಲಿದೆ. ನಮ್ಮ ಬಚ್ಚಲಿನ ಮೋರಿ ದೊಡ್ಡದಾಗಿ ಸದ್ದು ಮಾಡುತ್ತದೆ, ಗಂಟಲು ಕಟ್ಟಿದವರ ಹಾಗೆ.

ತಿರುಗಿದರೆ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು.

"ಅಂಕಲ್, ಅದು ಮೊದಲ ನೀರಾ?"

"ಹೌದು."

"ಮೋರಿಗೆ ಹಾಕ್ತೀರಾ?"

"ಮತ್ತೆಲ್ಲಿ ಹಾಕೋದು?"

ಅವರು ಬಾಗಿಲಿಗೆ ಅಂಟಿಸಿದ್ದ ನನ್ನ ಐದು ಸಾಲು ಓದಿದರು. ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು. "ಆ ಗಂಟೆ ಬಾರಿಸೋ ಮುದುಕನಿಗೆ ಏನು ಹೇಳ್ಬೇಕೋ. ಊರಿಗೆಲ್ಲ ಗೊತ್ತಿರೋದನ್ನ ಬರೆಸೋದು ಯಾಕೆ ಅಂದ್ಕೊಂಡಿರ್ತಾನೆ," ಎಂದರು. ಆಮೇಲೆ ಹೇಳಿದರು. ಆ ಬಟ್ಟೆಗಳಲ್ಲಿ ಪರಮಪ್ರಸಾದದ ಕಣ, ಪಾತ್ರೆಯ ಹನಿ ಉಳಿದಿರಬಹುದು. ಅದು ಪ್ರಭುವಿನ ಶರೀರ, ರಕ್ತ. ಆದ್ದರಿಂದ ನೆನೆಸಿದ ಮೊದಲ ನೀರು ಹೊಲಸು ಹರಿಯುವ ಕಡೆ ಹೋಗಬಾರದು. ಯಾರೂ ತುಳಿಯದ ಮಣ್ಣಿಗೆ ಹಾಕಬೇಕು.

"ನಿಮ್ಮ ಮನೆಯವರು ಎಲ್ಲಿ ಹಾಕ್ತಿದ್ರು, ನೀವು ನೋಡಿಲ್ವಾ?"

ನೋಡಿಲ್ಲ. ಮೂವತ್ತೊಂದು ವರ್ಷ.

ಸಿಸ್ಟರ್ ಅಡುಗೆಮನೆ ದಾಟಿ ಹಿತ್ತಿಲ ಬಾಗಿಲು ತೆಗೆದರು. ಸ್ವಲ್ಪ ಹೊತ್ತು ಆ ಕುಂಡ ನೋಡುತ್ತ ನಿಂತಿದ್ದರು.


ಆಗಸ್ಟ್ ೧೨, ಮಂಗಳವಾರ

ಪುಸ್ತಕವನ್ನು ಮೊದಲಿನಿಂದ ಓದಿದೆ. ಕೂಗಿನ ಸಮಯ ಬರೆದಿದ್ದೇನೆ. ಎಷ್ಟು ನಿಮಿಷ ಎಂದು ಬರೆದಿದ್ದೇನೆ. ನೀರು ಚೆಲ್ಲಿದ ಸಮಯವನ್ನೂ ಬರೆದಿದ್ದೇನೆ, ಅದೇ ಪುಟದಲ್ಲಿ, ಮೇಲಿನ ಸಾಲಿನಲ್ಲಿ.

ಮಂಚವನ್ನು ಬಚ್ಚಲಿನ ಗೋಡೆಗೆ ಒತ್ತಿ ಹಾಕಿದವನು ನಾನು.

ಹನ್ನೊಂದು ಸೋಮವಾರ. ಮೊದಲ ಆರು ವಾರ ಅವಳು ತನಗಿದ್ದ ಒಂದೇ ಸ್ವರದಲ್ಲಿ ಹೇಳಿದಳು. ಉಳಿದ ಐದು ವಾರ ನಾನು ಆ ಸ್ವರವನ್ನೂ ಹಾಲಿನಲ್ಲಿ ಕಲಸಿ ಮಲಗಿಸಿದೆ. ಆಮೇಲೆ ದೇವರಿಗೆ ವಂದನೆ ಹೇಳಿದೆ.

ಇಂದು ಮಾತ್ರೆಯಿಲ್ಲ. ಎಚ್ಚರವಾಗಿದ್ದಾಗ ಹತ್ತಿರ ಕೂತು, "ಮೊದಲ ನೀರು ಗುಲಾಬಿ ಕುಂಡಕ್ಕೆ, ಅಲ್ವೇನೇ?" ಎಂದೆ. ನನ್ನನ್ನು ನೋಡಿದಳು. ಬಲಗಣ್ಣಿನಿಂದ ನೀರು ಇಳಿಯಿತು. ಆ ಕಣ್ಣಿನಲ್ಲಿ ದಿನವೂ ನೀರು ಇಳಿಯುತ್ತದೆ.

ಬರುವ ಸೋಮವಾರ ಮಂಚವನ್ನು ಅಡುಗೆಮನೆಯ ಬಾಗಿಲಿಗೆ ಎಳೆದು, ಅವಳಿಗೆ ಕಾಣುವ ಹಾಗೆ ಹಾಕುತ್ತೇನೆ. ಆಗ ತಿಳಿಯುತ್ತದೆ. ಮಗಳಿಗೆ ಫೋನ್ ಮಾಡಿ ಹೇಳಿದೆ. "ಸೋಮವಾರ ನೋಡೋಣಪ್ಪ," ಎಂದಳು.


ಆಗಸ್ಟ್ ೧೪, ಗುರುವಾರ

ಬೆಳಿಗ್ಗೆ ಕಣ್ಣು ಬಿಡಲಿಲ್ಲ. ಆಸ್ಪತ್ರೆ. ಎರಡನೆಯ ಸ್ಟ್ರೋಕ್.


ಆಗಸ್ಟ್ ೧೮, ಸೋಮವಾರ

ಆಸ್ಪತ್ರೆಯಲ್ಲೇ. ಗಂಟೆಯಣ್ಣ ಚೀಲ ಹಿಡಿದು ಇಲ್ಲಿಗೇ ಬಂದ, ಟೋಪಿ ತೆಗೆದು ನಿಂತ. "ನನ್ನ ಬಾಯಿಗೆ ಬೆಂಕಿ ಬೀಳ. ಒಂದು ಸಾಲು ಬಿಟ್ಟೆನಲ್ಲ ಸಾಹೇಬ್ರೇ," ಎಂದ. ನೀನು ಬಿಟ್ಟ ಸಾಲು ಒಂದೇ, ನಾನು ಬಿಟ್ಟದ್ದಕ್ಕೆ ಲೆಕ್ಕವಿಲ್ಲ ಎಂದು ಹೇಳಬೇಕೆಂದಿದ್ದೆ. ಚೀಲ ಇಟ್ಟು ಹೋಗು ಎಂದೆ.


ಆಗಸ್ಟ್ ೨೧, ಗುರುವಾರ

ಮನೆಗೆ ತಂದೆವು. ಮೂಗಿನಲ್ಲಿ ನಳಿಕೆ. ಎಡಗೈಯೂ ಈಗ ಸುಮ್ಮನಿದೆ. ಬೆರಳು ಕೊಟ್ಟೆ. ಹಿಡಿಯಲಿಲ್ಲ.


ಆಗಸ್ಟ್ ೨೩, ಶನಿವಾರ

ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ಹೊಸ ಫಾದರ್. ನೀರಿನ ವಿಷಯ ಹೇಳಿದೆ.

"ಎಷ್ಟು ಸಲ?"

"ಹನ್ನೊಂದು."

"ತಿಳಿಯದೆ ಆಗಿದ್ದು ಅಂಕಲ್. ಅದು ಪಾಪ ಅಲ್ಲ. ಅದಕ್ಕೆ ಮನಸ್ಸಿಗೆ ಹಚ್ಕೋಬೇಡಿ."

"ನಾನು ನೀರಿಗಾಗಿ ಬಂದಿಲ್ಲ ಫಾದರ್. ಮಾತ್ರೆಗಾಗಿ ಬಂದಿದ್ದೀನಿ."

ಅದನ್ನೂ ಹೇಳಿದೆ. ಆಮೇಲೆ, "ಆಂಟಿ ನಿಮ್ಮನ್ನ ಕ್ಷಮಿಸಿರ್ತಾರೆ," ಎಂದರು.

"ನಿಮಗೆ ಹೇಗೆ ಗೊತ್ತು?"

ಪ್ರಸಂಗದ ಮಾತು ಬರುತ್ತದೆಂದು ಕಾದೆ. ತಾಯಿ, ಮಗು, ತೋಳು. ಬರಲಿಲ್ಲ.

"ಗೊತ್ತಿಲ್ಲ," ಎಂದರು. ಮತ್ತೆ, "ನನಗೂ ಯಾರೂ ಆಚೆಯಿಂದ ಮಾತಾಡಲ್ಲ ಅಂಕಲ್. ದಿನಾ ಪೂಜೆ ಮಾಡ್ತೀನಿ," ಎಂದರು.

ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯ ಪ್ರಾರ್ಥನೆ ಕೊಟ್ಟರು. ಬೆಂಚಿನಲ್ಲಿ ಕೂತು ಹೇಳಿದೆ. ಎರಡೋ ಮೂರೋ ಎಂದು ಲೆಕ್ಕ ತಪ್ಪಿತು. ಇನ್ನೊಂದು ಹೇಳಿ ಎದ್ದೆ.


ಆಗಸ್ಟ್ ೨೫, ಸೋಮವಾರ

ಮಂಚವನ್ನು ಅಡುಗೆಮನೆಯ ಬಾಗಿಲಿಗೆ ಎಳೆದು, ತಲೆದಿಂಬು ಎತ್ತರಿಸಿ, ಹಿತ್ತಿಲ ಕಡೆ ಮುಖ ಮಾಡಿಸಿದೆ. ಕಣ್ಣು ತೆರೆದಿತ್ತು. ಎರಡು ವಾರದ ಬಟ್ಟೆ. ಬಕೆಟ್ಟನ್ನು ಅವಳ ಮುಂದೆಯೇ ಹೊತ್ತು ಹೋಗಿ ಕುಂಡಕ್ಕೆ ಹಾಕಿದೆ. ಗಿಡ ಬುಡದವರೆಗೆ ಸತ್ತಿದೆ, ಗೀರಿ ನೋಡಿದೆ, ಒಳಗೂ ಹಸಿರಿಲ್ಲ. ಒಣಗಿ ಬಿರಿದ ಮಣ್ಣು ಮೊದಲು ನೀರು ಕುಡಿಯಲಿಲ್ಲ, ಮೇಲೆಯೇ ನಿಂತಿತ್ತು. ಆಮೇಲೆ ಕುಡಿಯಿತು.

ತಿರುಗಿ ನೋಡಿದೆ. ಕಣ್ಣು ತೆರೆದೇ ಇತ್ತು. ನನ್ನನ್ನು ನೋಡುತ್ತಿತ್ತೋ, ನಾನು ಅದರ ಎದುರಿಗಿದ್ದೆನೋ.

ಕೂಗಲಿಲ್ಲ. ಸರಿಯಾಗಿ ಮಾಡಿದೆನೆಂದು ಕೂಗದಿರಬಹುದು. ಕೂಗುವವಳು ಒಳಗೆ ಇಲ್ಲದಿರಬಹುದು. ಎರಡಕ್ಕೂ ಇರುವುದು ಒಂದೇ ಮೌನ. ಈ ಎರಡನ್ನು ಬೇರೆ ಮಾಡುವ ತಕ್ಕಡಿ ನನ್ನ ಹತ್ತಿರ ಇಲ್ಲ, ಡಾಕ್ಟರ ಹತ್ತಿರವೂ ಇಲ್ಲ. ಇದ್ದ ಒಂದನ್ನು ಐದು ಸೋಮವಾರ ನಾನೇ ಮಲಗಿಸಿದ್ದೆ.


ಆಗಸ್ಟ್ ೩೦, ಶನಿವಾರ

ಮಗಳು ಇವಳ ಬಟ್ಟೆ ಮಡಿಸಿ ಪೆಟ್ಟಿಗೆಗೆ ಹಾಕುತ್ತಿದ್ದಳು. ಸೋಮವಾರ ಒಂಬತ್ತಕ್ಕೆ ಆರೈಕೆ ಮನೆಯ ಗಾಡಿ ಬರುತ್ತದೆ.

"ಜಪಸರ ಎಲ್ಲಪ್ಪ? ಅದೂ ಇರಲಿ."

"ಹಾಸಿಗೆ ಬೇಡ ಅಂತ ಹೇಳಿಬಿಡ್ತೀನಿ," ಎಂದೆ. ಹೇಳುವವರೆಗೆ ನಾನು ಹಾಗೆ ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ.

"ಅಪ್ಪ, ಸೋಮವಾರ ನೀನೇ ನೋಡಿದೆಯಲ್ಲ. ಏನೂ ಇಲ್ಲ."

"ಕೂಗಲಿಲ್ಲ ಅಷ್ಟೆ."

"ಮುಂಚೆ ಗೊತ್ತಾಗ್ತಿತ್ತು ಅಂತಾನೇ ಇಟ್ಕೊಳ್ಳೋಣ. ಈಗ ಗೊತ್ತಾಗತ್ತೆ ಅನ್ನೋಕೆ ಏನಿದೆ? ಎಲ್ಲದಕ್ಕೂ ಟೆಸ್ಟ್ ಕೇಳೋನು ನೀನು."

"ಏನೂ ಇಲ್ಲ."

"ಮತ್ತೆ?"

ಇವಳ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆದು ಕಪಾಟಿಗೆ ಇಡತೊಡಗಿದೆ. "ಹಾಗಲ್ಲ ಮಡಿಸೋದು," ಎಂದು ಮಗಳು ಕೈಯಿಂದ ಕಿತ್ತುಕೊಂಡು, ಅಳುತ್ತಲೇ ಮಡಿಸಿ ಕೊಟ್ಟಳು.

ಆರೈಕೆ ಮನೆಗೆ ಫೋನ್ ಮಾಡಿದೆ. ಹಾಸಿಗೆ ಬೇರೆಯವರಿಗೆ ಹೋಗುತ್ತದೆ, ಮತ್ತೆ ಸಿಗಲು ವರ್ಷವಾಗಬಹುದು ಎಂದರು. ಕಾರಣ ಏನೆಂದು ಬರೆದುಕೊಳ್ಳಲಿ ಎಂದು ಕೇಳಿದರು. ಅರ್ಜಿಯಲ್ಲಿ ಒಂದು ಕಡೆ 'ಇಲ್ಲ' ಎಂದು ಬರೆದಿದ್ದೇನೆ, ಅದು ನನಗೆ ತಿಳಿಯದೆ ಬರೆದದ್ದು ಎಂದೆ.

ಇನ್ನೆಷ್ಟು ವರ್ಷವೆಂದು ಗೊತ್ತಿಲ್ಲ. ಬೆನ್ನು ನೋಯುತ್ತಿದೆ. ಹೆದರಿಕೆಯಾಗುತ್ತಿದೆ.


ಸೆಪ್ಟೆಂಬರ್ ೧, ಸೋಮವಾರ

ಇವಳನ್ನು ಒರೆಸಿ, ಮಗ್ಗುಲು ಬದಲಿಸಿ, ಬಾಗಿಲ ಕಡೆಗೆ ಮುಖ ಮಾಡಿಸಿದೆ. ಮಂಚ ಈಗ ಅಲ್ಲೇ ಇದೆ. ಓಡಾಡಲು ಅಡ್ಡ, ಎರಡು ಸಲ ಮಂಡಿಗೆ ತಗುಲಿತು.

"ಕುಂಡಕ್ಕೆ ಹಾಕ್ತಿದ್ದೀನಿ, ನೋಡು," ಎಂದೆ.

ನೀರು ಪೂರ್ತಿ ಇಳಿಯುವವರೆಗೆ ಬಕೆಟ್ ಹಿಡಿದು ನಿಂತಿದ್ದೆ. ಒಳಗಿನಿಂದ ಏನೂ ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನಿಂತೆ.

ಆಮೇಲೆ ಎರಡನೆಯ ನೀರು ಹಿಡಿದೆ, ಸೋಪು ಹಾಕಿದೆ.